ಕಡಲು ಯಾವ ಕಡೆಗೆ

ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅಮ್ಮ ತೀರಿಕೊಂಡ ರಾತ್ರಿ ಆಸ್ಪತ್ರೆಯಲ್ಲಿ ತಂಗಿ ಇದ್ದಾಳೆಂದು ಅಕ್ಕ, ಅಕ್ಕ ಇದ್ದಾಳೆಂದು ತಂಗಿ, ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಮಲಗಿದ್ದರು. ಆ ತಪ್ಪನ್ನು ಅರ್ಧರ್ಧ ಹಂಚಿಕೊಳ್ಳಲು ಇಬ್ಬರೂ ಒಪ್ಪಲಿಲ್ಲ. ಜಗಳವಿಲ್ಲದೆ ಸಮಪಾಲಾಗಿ ಬಂದ ಅಮ್ಮನ ಆಸ್ತಿಯೆಂದರೆ ಸಕ್ಕರೆ ಕಾಯಿಲೆ ಒಂದೇ.

ದಿನಾ ನಡೆಯಿರಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ನಡೆಯಲು ಇದ್ದದ್ದು ಒಂದೇ ದಾರಿ: ಬಂದರಿನಿಂದ ಹೊರಟು, ಕಡಲಿಗೆ ಚಾಚಿದ ನೆಲವನ್ನು ಅಂಚಿನಗುಂಟ ಸುತ್ತಿ, ಮತ್ತೆ ಬಂದರಿಗೇ ಬರುವ ಕಾಲುದಾರಿ. ಅಕ್ಕನ ಮುಖ ನೋಡುವುದು ಬೇಡವೆಂದು ತಂಗಿ ಎದುರು ದಿಕ್ಕಿನಿಂದ ಸುತ್ತತೊಡಗಿದಳು. ಹಾಗೆ ಸುತ್ತಿದರೆ ನಡುವೆ ಎದುರಾಗದೆ ವಿಧಿಯಿಲ್ಲ ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಬದಲಾಯಿಸಲು ಜಂಭ ಬಿಡಲಿಲ್ಲ. ದಿನಾ ದೀಪಸ್ತಂಭದ ಬಳಿ ಎದುರಾಗುವರು. ಅಕ್ಕ ಮುಖ ಸಿಂಡರಿಸುವಳು, ತಂಗಿ ಕಡಲು ನೋಡುವಳು.

ಇವತ್ತು ದೀಪಸ್ತಂಭದ ಬಳಿ ಯಾರೂ ಇರಲಿಲ್ಲ. ಬರದಿದ್ದರೆ ನನಗೇನು ಎಂದುಕೊಂಡು ಅಕ್ಕ ಮುಂದೆ ನಡೆದಳು. ಆದರೆ ಮುಂದಿನ ತಗ್ಗಿನಲ್ಲಿ ಉಬ್ಬರದ ನೀರು ಆಗಲೇ ದಾರಿಗೆ ಏರುತ್ತಿತ್ತು. ತಂಗಿ ಹೊರಟಿದ್ದರೆ ಆ ತಗ್ಗು ದಾಟಿಯೇ ಬರಬೇಕು. ಅಕ್ಕ ತಗ್ಗಿನತ್ತ ಓಡಿದಳು. ಬಂಡೆಗಳ ಸಂದಿಯಲ್ಲೆಲ್ಲ ಇಣುಕಿದಳು. ನೊರೆ ಬಿಟ್ಟರೆ ಏನೂ ಇಲ್ಲ. ಇವಳನ್ನೂ ಒಂಟಿಯಾಗಿ ಸಾಯಲು ಬಿಟ್ಟೆನೇ ಎಂದುಕೊಂಡಳು.

“ಪುಟ್ಟೀ,” ಎಂದು ಕೂಗಿದಳು.

“ಇಲ್ಲೇ ಇದೀನಿ ಕಣೇ.” ಉತ್ತರ ಬಂದದ್ದು ಬೆನ್ನ ಹಿಂದಿನಿಂದ. ತಂಗಿ ಏದುಸಿರು ಬಿಡುತ್ತ ನಿಂತಿದ್ದಳು.

ಹೋದ ಜೀವ ಬಂದದ್ದೇ ತಡ, ಅಕ್ಕನಿಗೆ ಕೋಪವೂ ಬಂತು. “ನನ್ನ ಹಿಂದೆ ಯಾಕೆ ಬರ್ತಿದೀಯ? ನಿನ್ನ ದಾರಿ ಆ ಕಡೆಯಿಂದಲ್ವಾ?”

“ಆ ಕಡೆಯಿಂದ ಬಂದ್ರೆ ಕಡಲು ಎಡಕ್ಕೆ ಬೀಳುತ್ತಕ್ಕ. ನನ್ನ ಎಡಗಣ್ಣು ಈಗ ಪೂರ್ತಿ ಹೋಗಿದೆ. ಅಂಚು ಎಲ್ಲಿದೆ ಅಂತಾನೇ ಕಾಣಲ್ಲ. ಸಕ್ಕರೆ ತಿಂದುಬಿಡ್ತು ಅಂತಾರೆ ಡಾಕ್ಟ್ರು.” ತಂಗಿ ಕಣ್ಣು ಉಜ್ಜಿಕೊಂಡಳು. “ಬಲಗಣ್ಣೂ ಮಬ್ಬಾಗ್ತಿದೆ. ನಿನ್ನ ಬೆನ್ನು ನೋಡ್ಕೊಂಡು ಬಂದೆ. ನೀನೋ, ಒಂದೇ ಸಮ ಓಡ್ತೀಯ.”

“ಕೂಗೋಕೇನಾಗಿತ್ತು ನಿಂಗೆ?”

“ಕೂಗಿದ್ರೆ ನಿಲ್ತಿದ್ಯಾ?”

ನಿಲ್ಲುತ್ತಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು.

ತಗ್ಗಿನ ದಾರಿ ಮುಳುಗಿತು. ಇನ್ನು ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಹಾಗೆ ಹೋದರೆ ಕಡಲು ಎಡಕ್ಕೆ. ಅಕ್ಕ ಸುತ್ತಿ ಬಂದು ತಂಗಿಯ ಎಡಕ್ಕೆ ನಿಂತು, ಅವಳ ಕೈ ಹಿಡಿದು, ನಿಧಾನವಾಗಿ ಹೆಜ್ಜೆ ಹಾಕಿದಳು.