ಗೆರೆಯ ಪಕ್ಕದ ಮೇಕೆ

ಬೂದಿ ಮತ್ತೆ ಕಿಟಕಿಗೆ ಬಂದು ಕೂತಿದೆ, ಅಕ್ಕ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಕರ್ರ್ ಅನ್ನುತ್ತದೆ, ಇದು ಒಲೆಯ ಬೂದಿಯಲ್ಲ ಕಣಕ್ಕ, ಪುಡಿಯಾದ ಕಲ್ಲು, ಗಾಜಿಗೆ ಗೀರು ಬೀಳುತ್ತೆ ಅನ್ನಬೇಕು, ಅನ್ನಲಾರೆ — ಬೆಟ್ಟ ಸಿಡಿದು ಹನ್ನೊಂದು ದಿನ, ಭಾವನ ದೇಹ ಇನ್ನೂ ಸಿಕ್ಕಿಲ್ಲ, ನಾನು ಅವಳಿಗೆ ಬೂದಿಯ ಪಾಠ ಹೇಳಬೇಕೇ, ಒರೆಸುತ್ತಲೇ ಹೇಳುತ್ತಿದ್ದಾಳೆ, ಪಕ್ಕದ ಮನೆಯವಳು ಕೇಳಿದ್ಲು, ನಿಮ್ಮ ತಮ್ಮ ಬೆಟ್ಟ ನೋಡ್ಕೊಳ್ಳೋ ಆಫೀಸಲ್ಲೇ ಇರೋದಲ್ವಾ ಅಂತ, ನಾನೂ ಬಿಡ್ಲಿಲ್ಲ, ಯಂತ್ರವೇ ಸುಮ್ನಿದ್ರೆ ಅವನೇನ್ ಮಾಡ್ತಾನೆ ಅಂದೆ. ನನ್ನ ಪರವಾಗಿ ಜಗಳವಾಡಿ ಬಂದಿದ್ದಾಳೆ. ಯಂತ್ರ ಸುಮ್ಮನಿರಲಿಲ್ಲ. ಇಳಿಜಾರಿನಲ್ಲಿ ನೆಟ್ಟ ಕಂಬ ಅದು, ಒಳಗೆ ಕರಗಿದ ಕಲ್ಲು ಮೇಲೇರಿದರೆ ಬೆಟ್ಟ ಉಬ್ಬುತ್ತದೆ, ಉಕ್ಕುವ ಮುಂಚೆ ಹಾಲಿನ ಕೆನೆ ಉಬ್ಬುವ ಹಾಗೆ, ಕಂಬ ಕೂದಲೆಳೆಯಷ್ಟು ವಾಲುತ್ತದೆ, ಆಫೀಸಿನ ಕಾಗದದ ಮೇಲೆ ಗೆರೆ ಜರುಗುತ್ತದೆ — ಭಾವನ ಮೇಕೆಗಳು ಮೈ ಉಜ್ಜಿದರೂ ಜರುಗುತ್ತದೆ, ಆ ಬೆಟ್ಟದಲ್ಲಿ ಬೇರೆ ಯಾರ ಮೇಕೆಯೂ ಇಲ್ಲ, ಹೋದ ವರ್ಷ ಮೂರು ಸಲ ಸೈರನ್ ಒತ್ತಿ ಊರೆಬ್ಬಿಸಿದ್ದೆ, ಮೇಕೆ ಮೈ ತುರಿಸ್ಕೊಂಡ್ರೆ ಊರು ಖಾಲಿ ಮಾಡಿಸ್ತೀರೇನ್ರೀ ಅಂದರು ದೊಡ್ಡ ಸಾಹೇಬರು, ಎಲ್ಲರೂ ನಕ್ಕರು, ನನಗೆ ಕಿವಿಯೆಲ್ಲ ಬಿಸಿಯಾಯಿತು, ಅಂದಿನಿಂದ ಅದೇ ರೂಢಿ, ಗೆರೆ ಜರುಗಿದರೆ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಮೇಕೆ ಅಂತ ಬರೆಯುವುದು, ಚಹಾ ಕುಡಿಯಲು ಹೋಗುವುದು.

ಅವತ್ತು ಬೆಳಿಗ್ಗೆ ಅಕ್ಕನ ಫೋನು, ಮೇಕೆಗಳೆಲ್ಲ ಬೆಟ್ಟ ಇಳಿದು ಅಂಗಳಕ್ಕೆ ಬಂದ್ಬಿಟ್ಟಿವೆ ಕಣೋ, ಒಂದೂ ಮೇಲೆ ಉಳಿದಿಲ್ಲ, ಹೊಡೆದ್ರೂ ಹತ್ತಲ್ಲ, ನಾವೂ ಹೊರಟು ಬಂದ್ಬಿಡೋಣ್ವಾ — ಅವಳ ಮಾತಿನ ಹಿಂದೆ ಕೊರಳ ಗಂಟೆಗಳು, ಎಷ್ಟೊಂದು ಗಂಟೆಗಳು, ನಾನು ನಕ್ಕೆ, ನಾನೂ ನಕ್ಕೆ, ಸುಮ್ನಿರಕ್ಕ, ಭಾವ ಮೇಲೆ ಹೋಗಿ ಬಂಡೆ ಮೇಲೆ ಉಪ್ಪು ಹಾಕಿ ಕೂಗ್ಲಿ, ಓಡಿ ಬರ್ತಾವೆ. ಹಿಡಿ ಉಪ್ಪು ತೆಗೆದುಕೊಂಡು ಹತ್ತಿದರು ಭಾವ. ಈ ಕಪ್ಪು ಮಣ್ಣು ಬೆಟ್ಟವೇ ಉಗುಳಿದ್ದು, ನಮ್ಮ ಹೊಟ್ಟೆಗೆ ಹಾಕೋದೂ ಅದೇ, ಅದಕ್ಕೆ ಹೆದರೋಕಾಗುತ್ತಾ ಅನ್ನುತ್ತಿದ್ದರು. ಮೇಕೆಗಳು ಹೋಗಲಿಲ್ಲ, ಎಲ್ಲವೂ ಬದುಕಿವೆ. ಫೋನಿಟ್ಟ ಇಪ್ಪತ್ತು ನಿಮಿಷಕ್ಕೆ ಗೆರೆ ಜರುಗಿತು, ಬೆರಳಗಲ, ಯಾವತ್ತೂ ಅಷ್ಟು ಜರುಗಿರಲಿಲ್ಲ, ಭಾವ ಇನ್ನೂ ಅರ್ಧ ದಾರಿಯಲ್ಲಿದ್ದಿರಬೇಕು, ಸೈರನ್ ಕೇಳಿದ್ದರೆ ಇಳಿದುಬಿಡುತ್ತಿದ್ದರು, ಬೆಟ್ಟ ಬಿರಿದದ್ದು ಮಧ್ಯಾಹ್ನ, ಅಷ್ಟು ಹೊತ್ತಿತ್ತು, ಕೈ ತಾನಾಗಿಯೇ ಪೆನ್ಸಿಲ್ ಎತ್ತಿಕೊಂಡಿತು — ಅಲ್ವೇನೋ, ಅಕ್ಕ ಬಟ್ಟೆ ಹಿಂಡುತ್ತಾ ಕೇಳುತ್ತಿದ್ದಾಳೆ, ಯಂತ್ರ ಏನಾದ್ರೂ ತೋರಿಸಿದ್ರೆ ನೀನು ಸುಮ್ನಿರ್ತಿದ್ಯಾ, ಹೇಳು, ಈಗಲಾದರೂ ಬಾಯಿ ಬಿಡು ಪಾಪಿ ಅಂತ ನನಗೆ ನಾನೇ ಅಂದುಕೊಳ್ಳುತ್ತೇನೆ, ಕಪ್ಪು ನೀರು ಬಕೆಟ್ಟಿಗೆ ಇಳಿಯುತ್ತಿದೆ, ಗಂಟೆಗಳೆಲ್ಲ ಫೋನಿನಲ್ಲಿ, ಅಂಗಳದಲ್ಲಿ, ಬೆಟ್ಟದ ಮೇಲೆ ಒಂದೂ ಇಲ್ಲ, ಒಂದೂ, ಗೆರೆಯ ಪಕ್ಕದಲ್ಲಿ ನನ್ನ ಅಕ್ಷರ, ಮೇಕೆ