ಮೇಲಿನ ಮನೆಯ ಡಬ್ಬಿ

ನಮ್ಮ ಮಾವ ಮುನಿವೆಂಕಟಪ್ಪನವರ ಪ್ರಕಾರ, ಮನೆಯಲ್ಲಿ ಔಷಧಿ ತಂದಿಡುವುದೆಂದರೆ ಕಾಯಿಲೆಗೆ ಚಾಪೆ ಹಾಸಿ ಕರೆದ ಹಾಗೆ. ಕಾಯಿಲೆ ಬಂದ ಮೇಲೆ ತರಬೇಕು, ಕುಡಿಸಬೇಕು, ಉಳಿದದ್ದನ್ನು ದೀಪ ಹಚ್ಚುವ ಮುಂಚೆ ಹೊಸ್ತಿಲಾಚೆ ಎಸೆಯಬೇಕು. ಬಂದಿರುವುದು ಕಾಯಿಲೆಯೋ ಅಲ್ಲವೋ ಎಂದು ತೀರ್ಮಾನಿಸುವವರೂ ಅವರೇ. ಮೂಡಲಪಾಳ್ಯ ಹಳ್ಳಿಯಾಗಿದ್ದಾಗ ಅವರಪ್ಪ ಹಾಕಿದ ಕಟ್ಟಂತೆ. ಹೊಲ ಹೋಗಿ ಸೈಟಾಯಿತು, ರಾಗಿ ಕಣದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು, ಕಟ್ಟು ಮಾತ್ರ ಅಲ್ಲಾಡಲಿಲ್ಲ.

ಅದನ್ನು ಕಾಯುವ ಪೊಲೀಸು ನಮ್ಮತ್ತೆ ಯಶೋದಮ್ಮ. ಮಗು ಹುಟ್ಟಿದ ಹೊಸದರಲ್ಲಿ ನಾನೊಂದು ಡಬ್ಬಿ ತುಂಬಿಸಿಟ್ಟಿದ್ದೆ. ಥರ್ಮಾಮೀಟರ್, ಡಾಕ್ಟರ್ ಅಳತೆ ಬರೆದುಕೊಟ್ಟ ಜ್ವರದ ಡ್ರಾಪ್ಸ್, ಮೂಗು ಕಟ್ಟಿದರೆ ಬಿಡುವ ಉಪ್ಪುನೀರು, ಡೈಪರ್ ಉಜ್ಜಿ ಕೆಂಪಾದರೆ ಹಚ್ಚುವ ಕ್ರೀಮು. ಬೀರು ತೆಗೆದ ಅತ್ತೆ ಹಾವು ಕಂಡವರಂತೆ ಹಿಂದೆ ಸರಿದರು.

"ಅಯ್ಯೋ ನನ್ ಕರ್ಮವೇ! ಬಜೆ ಬೇರು, ಗ್ರೈಪ್ ವಾಟರ್ ಸಾಲ್ದೇನೇ ನಿಂಗೆ? ನಿಮ್ಮಾವ ಒಳಗೆ ಬರೋಷ್ಟ್ರಲ್ಲಿ ಇದು ಈ ಮನೇಲಿರಕೂಡ್ದು."

ನನ್ನ ಗಂಡ ದರ್ಶನ್ ತಲೆ ಕೆರೆದುಕೊಂಡು, "ಬಿಡೇ ಕವನಾ, ಅಪ್ಪನ ಹತ್ರ ಯಾಕೆ ಸುಮ್ನೆ" ಎಂದು ಬೈಕ್ ಹತ್ತಿ ಹೋದ. ಗಂಡಸಂತೆ ಗಂಡಸು!

ನಾನು ಎಸೆಯಲಿಲ್ಲ. ಮಹಡಿ ಮೇಲಿನ ಬಾಡಿಗೆ ಮನೆಯ ಸುವರ್ಣಾ ಬಟ್ಟೆ ಒಗೆದು ಮೇಲೆ ಹೋಗುವಾಗ ಮಗು ನೋಡಲು ಬಂದಿದ್ದಳು. ಬಾಗಲಕೋಟೆ ಕಡೆಯವಳು, ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವಳ ಬಟ್ಟೆಯ ಬಕೆಟ್ಟಿಗೆ ಡಬ್ಬಿ ತುರುಕಿದೆ.

"ಕೊಡ್ರಿ ಅಕ್ಕಾ. ನಮ್ಮ ಮನ್ಯಾಗ ಇಂಥಾದ್ಕ ಜಾಗಾ ಐತಿ" ಎಂದು ನಕ್ಕಳು. ಆ ನಗು ನನಗೆ ಅರ್ಥವಾಗಲಿಲ್ಲ.

ನನಗೆ ಅಮ್ಮ ಇಲ್ಲ, ಹಾಗಾಗಿ ಬಾಣಂತನವೂ ಗಂಡನ ಮನೆಯಲ್ಲೇ. ಇಲ್ಲಿ ಬಾಣಂತಿ ಐದು ತಿಂಗಳು ಹೊಸ್ತಿಲು ದಾಟುವಂತಿಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ ಹೊಗೆ. ಮಗುವಿನ ಚುಚ್ಚುಮದ್ದಿಗೆ ಮಾತ್ರ ಬಿಡುಗಡೆ. ಜೈಲಿನವರನ್ನು ಕೋರ್ಟಿಗೆ ಕರೆದೊಯ್ಯುತ್ತಾರಲ್ಲ, ಹಾಗೆ.

ಮೊನ್ನೆ ಹಾಗೆಯೇ ಹೋಗಿ ಚುಚ್ಚಿಸಿಕೊಂಡು ಬಂದೆವು. ಜ್ವರ ಬಂದರೆ ಡ್ರಾಪ್ಸ್ ಹಾಕಿ ಎಂದು ನರ್ಸ್ ಹೇಳಿಯೇ ಕಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಮೈ ಕಾದ ಹಂಚಾಯಿತು. ಗೇಟಿನ ಪಕ್ಕ ಕುರ್ಚಿ ಹಾಕಿ ಕೂತಿದ್ದ ಮಾವ ಅಲ್ಲಿಂದಲೇ ತೀರ್ಪು ಕೊಟ್ಟರು.

"ಸೂಜಿ ಕಾವು ಅದು. ಬಜೆ ತೇಯ್ದು ನೆಕ್ಸಿ, ಇಳಿಯತ್ತೆ."

ನೆಕ್ಕಿಸಿದ್ದಾಯಿತು. ಇಳಿಯಲಿಲ್ಲ. ಮಗು ಹಾಲು ಬಿಟ್ಟಿತು, ಅಳಲೂ ತ್ರಾಣವಿಲ್ಲದೆ ಮುಲುಗತೊಡಗಿತು. ಫೋನಿನಲ್ಲಿ ಆರ್ಡರ್ ಮಾಡಿದರೆ ಔಷಧಿ ಗೇಟಿಗೇ ಬರುತ್ತದೆ, ಗೇಟಿನಲ್ಲಿ ಮಾವ. ಮಹಡಿಯ ಮೆಟ್ಟಿಲೂ ಅವರ ಕುರ್ಚಿಯ ಎದುರಿಗೇ. ದರ್ಶನ್ ಮೀಟಿಂಗಿನಲ್ಲಿದ್ದ, ಬೇಕಾದಾಗಲೆಲ್ಲ ಅವನು ಮೀಟಿಂಗಿನಲ್ಲೇ ಇರುತ್ತಾನೆ. ಸುವರ್ಣಾಗೆ ಫೋನ್ ಮಾಡಿದರೆ, ಅವಳು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದಾಳೆ.

"ಇನ್ನೊಂದು ಕೀಲಿ ನಿಮ್ಮ ಅತ್ತಿ ಹಂತೇಕ ಐತಲ್ರಿ. ಕೇಳ್ರಿ ಅಕ್ಕಾ, ಅಂಜಬ್ಯಾಡ್ರಿ. ಅವ್ರು ಏನೂ ಅನ್ನಂಗಿಲ್ಲ."

ಏನೂ ಅನ್ನುವುದಿಲ್ಲವಂತೆ! ಬಾಡಿಗೆ ಮನೆಗಳ ಕೀ ಗೊಂಚಲು ಅತ್ತೆಯ ಸೊಂಟ ಬಿಟ್ಟು ಇಳಿಯುವುದಿಲ್ಲ. ಆದರೆ ಮಗುವಿನ ಮುಖ ನೋಡಿದೆ, ಹೆದರಿಕೆಯೆಲ್ಲ ಕೋಪವಾಯಿತು. ನೇರ ಅಡುಗೆಮನೆಗೆ ನುಗ್ಗಿದೆ.

"ಅತ್ತೆ, ಬೈಯಿರಿ, ಹೊಡೀರಿ. ನಾನು ಆ ಡಬ್ಬಿ ಎಸೆದಿಲ್ಲ, ಸುವರ್ಣಾ ಮನೇಲಿದೆ. ಕೀ ಕೊಡಿ. ಇಲ್ಲಾಂದ್ರೆ ಮಗು ಎತ್ಕೊಂಡು ಇದೇ ಸ್ಕಾರ್ಫಲ್ಲಿ ರೋಡಿಗಿಳೀತೀನಿ, ನಿಮ್ಮನೆ ಮಾನ ಬೀದೀಲಿ ಹೋಗ್ಲಿ."

ಅತ್ತೆ ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. "ಮೆಲ್ಲಗೆ ಮಾತಾಡೇ, ಕೇಳಿಸ್ಕೋತಾರೆ" ಎಂದಷ್ಟೇ ಹೇಳಿ ಬಕೆಟ್ ಎತ್ತಿಕೊಂಡು ಹೊರಟರು.

"ಎಲ್ಲಿಗೇ?" ಮಾವನ ದನಿ.

"ಮೇಲಿನ ಮನೆ ನಲ್ಲಿ ಸೋರ್ತಾ ಇದ್ಯಂತೆ ಕಣ್ರೀ. ನೋಡ್ಬರ್ತೀನಿ."

ಹೋದಷ್ಟೇ ಬೇಗ ವಾಪಸ್ಸಾದರು. ಬಕೆಟ್ಟಿನೊಳಗೆ ಒದ್ದೆ ಬಟ್ಟೆ, ಅದರಡಿ ನನ್ನ ಡಬ್ಬಿ. ಅಳತೆ ನೋಡಿ ಡ್ರಾಪ್ಸ್ ಹಾಕಿದೆ. ಸ್ವಲ್ಪ ಹೊತ್ತಿಗೆ ಮಗುವಿನ ಹಣೆ ಬೆವರಿತು, ಬಾಯಿ ಹಾಲು ಹುಡುಕಿತು. ನಾನು ಗಳಗಳನೆ ಅತ್ತುಬಿಟ್ಟೆ. ಅಳು ನಿಂತ ಮೇಲೆ ಹೊಳೆಯಿತು: ಡಬ್ಬಿ ಆ ಮನೆಯಲ್ಲಿ ಎಲ್ಲಿದೆ ಎಂದು ನಾನು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

"ಅತ್ತೆ, ಅಷ್ಟು ಬೇಗ ಹೆಂಗೆ ಸಿಕ್ತು?"

ಅವರು ಸೆರಗಿನ ತುದಿಯ ಗಂಟು ಬಿಚ್ಚಿದರು. ಒಂದು ಮಾತ್ರೆ. ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ನನ್ ಮಾತ್ರೆ ಪಕ್ಕದಲ್ಲೇ ಇಟ್ಟಿದ್ಲು" ಎಂದರು. "ಬಿಪಿದು. ದರ್ಶನ್ ಸ್ಕೂಲಿಗೆ ಹೋಗೋವಾಗಿಂದ ತಗೋತಿದೀನಿ. ಬಾಡಿಗೆಯೋರು ಎಷ್ಟೋ ಜನ ಬಂದ್ರು, ಹೋದ್ರು. ನಾನು ಅಡ್ವಾನ್ಸ್ ನೋಡಿ ಮನೆ ಕೊಡಲ್ಲ ಕಣೇ, ಆ ಹೆಣ್ಮಗಳ ಮುಖ ನೋಡಿ ಕೊಡ್ತೀನಿ."

ನನಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಉಕ್ಕಿದವು. ಇಷ್ಟು ದಿನ ಈ ಹೆಂಗಸನ್ನು ನಾನು ಜೈಲರ್ ಅಂದುಕೊಂಡಿದ್ದೆ.

"ಇವತ್ತೇ ಮಾವಂಗೆ ಹೇಳೋಣ ಅತ್ತೆ. ಇಬ್ರೂ ಸೇರಿ. ಏನ್ ಮಾಡ್ತಾರೆ?"

"ಏನೂ ಮಾಡಲ್ಲ. ನಮ್ಮತ್ತೆ ಹಿಂಗೇ ಹೇಳಿದ್ರು ಒಂದ್ಸಲ. ನಿಮ್ಮಾವ ಅವರ ಮಾತ್ರೆ ತಗೊಂಡೋಗಿ ಚರಂಡಿಗೆ ಹಾಕಿ, ಕೈ ತೊಳ್ಕೊಂಡು ಊಟಕ್ಕೆ ಕೂತ್ರು." ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ದೀಪ ಹಚ್ಚೋ ಹೊತ್ತಾಯ್ತು. ವಾಪಸ್ ಇಟ್ಬರ್ತೀನಿ."

"ರಾತ್ರಿ ಮತ್ತೆ ಜ್ವರ ಬಂದ್ರೆ?"

ಅವರು ಗೊಂಚಲಿನಿಂದ ಒಂದು ಕೀ ಬಿಡಿಸಿ ನನ್ನ ಅಂಗೈಗಿಟ್ಟರು. "ನನ್ನ ಹತ್ರ ಇನ್ನೊಂದಿದೆ. ಬಕೆಟ್ ಮಾತ್ರ ಮರೀಬೇಡ."

ಹೊರಗೆ ಎದುರುಮನೆಯ ಉಗ್ರಪ್ಪನವರು ಮಗುವನ್ನು ವಿಚಾರಿಸುತ್ತಿದ್ದರು. ಮಾವನ ದನಿ ಇಡೀ ರಸ್ತೆಗೆ ಕೇಳುವಂತಿತ್ತು. "ನಮ್ಮನೇಲಿ ಹುಡುಕಿದ್ರೂ ಒಂದು ಮಾತ್ರೆ ಸಿಗಲ್ಲ ಕಣ್ರೀ. ಬಜೆಗೇ ಜ್ವರ ಇಳೀತು, ನೋಡಿ. ಅಲ್ವೇನಮ್ಮ ಕವನಾ?"

ಅತ್ತೆ ನನ್ನನ್ನೇ ನೋಡುತ್ತಿದ್ದರು. ನನ್ನ ಅಂಗೈಯಲ್ಲಿದ್ದ ಕೀಯಲ್ಲಿ ಇನ್ನೂ ಅವರ ಸೊಂಟದ ಬಿಸಿ ಇತ್ತು.

"ಹೌದು ಮಾವ" ಅಂದೆ.