ಒತ್ತಿದರೆ ಮತ್ತೆ ಮೊದಲಿಂದ

ಕಾಗಾಲದ ಗಣಪಿಯ ಬಾವಿಪಂಪಿಗೆ ನಿತ್ಯಾನಂದ ಟೈಮರ್ ಸರ್ಕ್ಯೂಟ್ ಕೂರಿಸಿದ್ದ. ಗುಂಡಿ ಒತ್ತಿದರೆ ತುಸು ಹೊತ್ತು ತಡೆದು ಮೋಟರು ಶುರುವಾಗಬೇಕು. ನಡುವೆ ಇನ್ನೊಮ್ಮೆ ಒತ್ತಿದರೆ ಎಣಿಕೆ ಮತ್ತೆ ಮೊದಲಿಂದ. ಇದನ್ನು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಆದರೂ ಗಣಪಿಯ ಫೋನು: "ಪಂಪು ಹಾಳಾತು, ಬಾ."

ಕುಮಟಾದಿಂದ ಬಿಸಿಲಲ್ಲಿ ಬಂದು ನೋಡಿದರೆ, ಬಟ್ಟೆ ಹರವಲು ಬಂದ ಗಣಪಿ ಒತ್ತುತ್ತಾಳೆ, ಕೊಡ ಹಿಡಿದ ಸೊಸೆ ವಿನುತಾ ಒತ್ತುತ್ತಾಳೆ, ಬೇಲಿಯಾಚೆಯ ದೇವಪ್ಪನೂ ಉಪಕಾರವೆಂದು ಬಂದು ಒತ್ತಿ ಹೋಗುತ್ತಾನೆ.

"ಯಾರೂ ಮುಟ್ಬೇಡಿ! ಸ್ವಲ್ಪ ಕಾಯೂಕೆ ಎಂತ ರೋಗ ನಿಮಗೆ?" ಎಂದು ಗದರಿದ ನಿತ್ಯಾನಂದ, ಒಮ್ಮೆ ಒತ್ತಿ ಕೈಕಟ್ಟಿ ನಿಂತ. ಮೋಟರು ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು.

"ಥೂ, ಎಂತಾತು ಇದಕ್ಕೆ?" ಎಂದು ಅವನೇ ಗುಂಡಿ ಒತ್ತಿಬಿಟ್ಟ.

ಗಣಪಿ ಒಳಗೆ ಹೊರಟಳು. "ಕೂತ್ಕೊ ತಮಾ, ಚಾ ಮಾಡ್ತೆ. ಮತ್ತೆ ಮೊದಲಿಂದ ಅಲ್ವಾ?"